ಹಿತ್ತಿಲಿಗೆ ಹೊದಿಸಿದ್ದು

ಅವಳು ಹೋದ ಮೇಲೆ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮಧ್ಯಾಹ್ನ ಮನೆಯೊಳಗೆ ಎಷ್ಟು ಸಲ ತಿರುಗಿದೆನೋ ಗೊತ್ತಿಲ್ಲ. ಜಗಲಿಗೆ ಬರುವುದು, ಬೀದಿ ನೋಡುವುದು, ಒಳಗೆ ಹೋಗಿ ನೀರು ಕುಡಿಯುವುದು, ಹಿತ್ತಿಲ ಬಾಗಿಲು ತೆಗೆಯುವುದು, ಮತ್ತೆ ಹಾಕುವುದು. ಬಾಯಾರಿಕೆಯೇನೂ ಇರಲಿಲ್ಲ. ಕಾಲು ನಿಂತರೆ ಮನಸ್ಸು ಓಡುತ್ತಿತ್ತು, ಅದಕ್ಕೆ ಕಾಲನ್ನೇ ಓಡಿಸುತ್ತಿದ್ದೆ.

ಕನ್ನಡ ನಾಡು ಒಂದಾಗುವುದಕ್ಕೆ ಒಂದು ವರ್ಷ ಮುಂಚಿನ ಮಾತು ಇದು. ನಾನು ಗುಂಡ್ಲುಪೇಟೆಯಲ್ಲಿ ಒಂದು ಖಾಸಗಿ ಬಸ್ಸಿನವರ ಏಜೆಂಟನಾಗಿದ್ದೆ. ಮೈಸೂರಿನಿಂದ ಊಟಿಗೆ ಹೋಗುವ ಬಸ್ಸು, ಸುಲ್ತಾನ್ ಬತ್ತೇರಿ ಕಡೆಯ ಬಸ್ಸು, ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಹೋಗುವ ಬಸ್ಸು, ಎಲ್ಲಕ್ಕೂ ಟಿಕೆಟ್ ಹರಿದು, ಲಗೇಜು ಬರೆದು, ಸೀಟಿ ಊದಿ ಕಳಿಸುವುದು ನನ್ನ ಕೆಲಸ. ಹುಟ್ಟಿದ್ದು ಚಾಮರಾಜನಗರದಲ್ಲಿ. ಲೋಯರ್ ಸೆಕೆಂಡರಿ ಪಾಸು ಮಾಡಿದ್ದೆ, ಅಷ್ಟು ಓದು ಆ ಕೆಲಸಕ್ಕೆ ಸಾಕಾಗಿತ್ತು. ನನ್ನ ಹೆಂಡತಿ ತೆರಕಣಾಂಬಿಯವಳು. ಮದುವೆಯಾಗಿ ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕೃತ್ತಿಕೆ ಮಳೆ ಹಿಡಿದಾಗ ಅವಳಿಗೆ ಜ್ವರ ಬಂತು. ಒಂಬತ್ತನೆಯ ದಿನ ಹೋಗಿಬಿಟ್ಟಳು.

ನಾವಿದ್ದದ್ದು ಬಾಡಿಗೆ ಮನೆ. ಮನೆ ಸಣ್ಣದು, ಹಿತ್ತಿಲು ದೊಡ್ಡದು. ಒಂದು ಸೇದುವ ಬಾವಿ, ಅದರ ಸುತ್ತ ಏಳು ಪಾತಿ. ಬದನೆ, ಮೆಣಸಿನಕಾಯಿ, ಕನಕಾಂಬರ, ಒಂದಿಷ್ಟು ದಂಟು. ಎಲ್ಲ ಅವಳದೇ ಕೈಕೆಲಸ. ನಾನು ಬಾವಿಯಿಂದ ನೀರು ಸೇದಿ ಕೊಡುತ್ತಿದ್ದೆ, ಅಷ್ಟೇ.

ಆ ಮನೆಯಿಂದ ಯಾವ ಹಳೆಯ ಸಾಮಾನೂ ಬೀದಿಗೆ ಬಿದ್ದದ್ದಿಲ್ಲ. ಹರಿದ ಗೋಣಿ, ಅಂಚು ಬಿಚ್ಚಿದ ಈಚಲು ಚಾಪೆ, ಸವೆದ ಪೊರಕೆ, ತೆಂಗಿನ ಮಟ್ಟೆ, ಬಸ್ ಆಫೀಸಿನಿಂದ ನಾನು ತರುತ್ತಿದ್ದ ಹಳೆಯ ಪತ್ರಿಕೆಗಳು, ಎಲ್ಲಕ್ಕೂ ಕೊನೆಯ ಜಾಗ ಹಿತ್ತಿಲೇ. ಕಾಗದವನ್ನು ಬಕೆಟ್ಟಿನಲ್ಲಿ ನೆನೆಸಿ, ಗಿಡದ ಬುಡ ಬಿಟ್ಟು ಸುತ್ತಲೂ ಮೂರು ನಾಲ್ಕು ಪದರ ಹಾಸುತ್ತಿದ್ದಳು. ಅದರ ಮೇಲೆ ಗೋಣಿ. ಗೋಣಿ ಗಾಳಿಗೆ ಏಳದಂತೆ ನಾಲ್ಕು ಮೂಲೆಗೆ ನಾಲ್ಕು ಹೆಂಟೆ. ಅವಳ ತವರಿನ ಕಡೆ ಹೊಲದಲ್ಲಿ ಅರಿಶಿನ ನೆಟ್ಟ ಮೇಲೆ ಹೊಂಗೆ ಸೊಪ್ಪು ಹೊದಿಸುತ್ತಾರೆ. ಪೇಟೆಯಲ್ಲಿ ಅಷ್ಟು ಸೊಪ್ಪು ಎಲ್ಲಿಂದ ಬರಬೇಕು, ಅದಕ್ಕೆ ಮನೆಯ ಹಳೆಯ ಸಾಮಾನಿಗೇ ಕೈ ಹಾಕಿದ್ದಳು. ತೋಟಕ್ಕೂ ಹಾಸಿಗೆ ಹಾಸುತ್ತೀಯಲ್ಲ ಎಂದು ನಾನು ಒಮ್ಮೆ ನಕ್ಕಾಗ ಅವಳು ಬಗ್ಗಿಕೊಂಡೇ ಹೇಳಿದ್ದಳು:

"ಕಳೆಗೆ ಬಿಸಿಲು ತೋರುಸ್ಬಾರ್ದು ಕಣ್ರೀ. ಬಿಸಿಲು ಕಂಡ್ರೆ ಅದುಕ್ಕೆ ಸೊಕ್ಕು ಬತ್ತದೆ."

ರೋಹಿಣಿ ಮಳೆಯ ಎರಡು ಹದಕ್ಕೆ ಹಿತ್ತಿಲ ತುಂಬ ಜೇಕು ಎದ್ದಿತು. ಜೇಕನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಮೇಲೆ ನೋಡಿದರೆ ತೆಳ್ಳಗಿನ ಹುಲ್ಲು, ಕಿತ್ತರೆ ಸಲೀಸಾಗಿ ಕೈಗೆ ಬರುತ್ತದೆ. ಗೆಡ್ಡೆ ಮಾತ್ರ ಮಣ್ಣೊಳಗೇ ಉಳಿದು ಮೂರನೆಯ ದಿನಕ್ಕೆ ಎರಡಾಗಿ ಮೇಲೆ ಬರುತ್ತದೆ. ಮೊದಲನೆಯ ಬಸ್ಸಿಗೆ ಮುಂಚೆ ಎದ್ದು ಕೀಳುತ್ತಿದ್ದೆ. ಮಧ್ಯಾಹ್ನ ಊಟಕ್ಕೆಂದು ಬಂದು, ಊಟ ಮಾಡದೆ ಕೀಳುತ್ತಿದ್ದೆ. ಬೆರಳಿನ ಸಂದು ಒಡೆದು ಟಿಕೆಟ್ ಪುಸ್ತಕದ ಮೇಲೆ ಮಣ್ಣಿನ ಕಲೆಯಾಗುತ್ತಿತ್ತು. ಬದನೆ ಹೋದರೆ ಹೋಗಲಿ, ಅದು ನನಗೆ ಬೇಕಾಗಿರಲಿಲ್ಲ. ಪಾತಿಯ ಅಂಚನ್ನು ಅವಳು ಅಂಗೈಯಲ್ಲಿ ತಟ್ಟಿ ತಟ್ಟಿ ಕಟ್ಟಿದ್ದಳು. ಜೇಕು ಆ ಅಂಚಿನ ಮೇಲೇ ಏಳುತ್ತಿತ್ತು. ಇನ್ನು ಹದಿನೈದು ದಿನ ಹೀಗೇ ಬಿಟ್ಟರೆ ಪಾತಿ ಯಾವುದು, ದಾರಿ ಯಾವುದು ಎಂದು ತಿಳಿಯುವಂತಿರಲಿಲ್ಲ. ಅವಳ ಕೈಯ ಗುರುತು ನನ್ನ ಕಣ್ಣೆದುರೇ ಅಳಿಸಿಹೋಗುತ್ತದೆ ಎಂಬ ಗಾಬರಿ ನನಗೆ.

ಕೊನೆಗೆ ಅವಳ ಹಾಗೆಯೇ ಹೊದಿಸಿಬಿಡುವುದು ಎಂದುಕೊಂಡೆ.

ಮೊದಲು ಮನೆಯಲ್ಲಿದ್ದ ಗೋಣಿಗಳು ಹೋದವು. ಬಸ್ ಆಫೀಸಿನ ಮೂಲೆಯಲ್ಲಿದ್ದ ಪತ್ರಿಕೆಗಳನ್ನೆಲ್ಲ ಹೊತ್ತು ತಂದು ನೆನೆಸಿ ಹಾಸಿದೆ. ಸಾಲದಾಯಿತು. ಪಕ್ಕದ ಮನೆಯ ಸಾಬರು ಹಳೆಯ ಗೋಣಿಚೀಲದ ವ್ಯಾಪಾರಿ. ಮಂಡಿಗಳಿಂದ ಹರಿದ ಚೀಲ ತಂದು, ಮನೆಯ ಹೆಂಗಸರ ಕೈಯಲ್ಲಿ ಹೊಲಿಸಿ, ಮತ್ತೆ ಮಂಡಿಗೇ ಕೊಡುತ್ತಿದ್ದರು. ಮನೆಯೊಳಗೆ ಉರ್ದು, ಗೋಡೆಯಾಚೆಯ ನಮ್ಮೊಂದಿಗೆ ನಮ್ಮದೇ ಕನ್ನಡ. ಹೊಲಿಯಲು ಬಾರದಷ್ಟು ಜೀರ್ಣವಾದ ಚೀಲಗಳನ್ನು ಕೇಳಿದೆ. ಅವರು ಒಂದು ಹೊರೆ ಗೋಡೆಯ ಮೇಲಿಂದಲೇ ಇಳಿಸಿದರು. ಮೂರು ದಿನ ಬಿಟ್ಟು ಮತ್ತೆ ಕೇಳಿದೆ, ಮತ್ತೆ ಇಳಿಸಿದರು. ಮೂರನೆಯ ಸಲ ಗೋಡೆಯ ಮೇಲೆ ಗಲ್ಲವಿಟ್ಟು ಹಿತ್ತಿಲನ್ನೆಲ್ಲ ನೋಡಿ, "ಏನ್ ಏಜೆಂಟ್ರೇ, ತೋಟುಕ್ಕೆ ಚಳಿಜ್ವರ ಬಂದದಾ? ಇಷ್ಟ್ ಹೊದ್ಸಿದ್ರೆ ಬೆವ್ರ್‌ಬುಡ್ತದೆ" ಎಂದರು. ಜ್ವರ ಎಂಬ ಮಾತು ಬಾಯಿಂದ ಬಿದ್ದ ಮೇಲೆ ಅವರಿಗೇ ಕಸಿವಿಸಿಯಾಯಿತು. ಮುಖ ಕೆಳಗೆ ಹಾಕಿ, ಇನ್ನೊಂದು ಹೊರೆ ಸಂಜೆ ಕಳಿಸುತ್ತೇನೆ ಎಂದು ಇಳಿದುಹೋದರು. ನನಗೆ ಬೇಸರವೇನೂ ಆಗಿರಲಿಲ್ಲ. ಅಷ್ಟು ದಿನಗಳಲ್ಲಿ ನನ್ನೊಡನೆ ತಮಾಷೆ ಮಾಡಿದವರು ಅವರೊಬ್ಬರೇ.

ಒಂದು ಸಲ ಹೊದಿಸಲು ಶುರುಮಾಡಿದ ಮೇಲೆ ನನಗೆ ನಿಲ್ಲಿಸುವುದು ಗೊತ್ತಾಗಲಿಲ್ಲ. ಅವಳು ಮಲಗಿದ್ದ ಚಾಪೆ, ದಿಂಬನ್ನು ಹೋದ ದಿನವೇ ಪದ್ಧತಿಯಂತೆ ಊರಾಚೆ ಹಾಕಿ ಬಂದಿದ್ದರು. ಉಳಿದದ್ದು ನನ್ನ ಚಾಪೆ. ಅದನ್ನು ಮೆಣಸಿನ ಪಾತಿಗೆ ಹಾಸಿದೆ. ಚಳಿಗಾಲದ ಕಂಬಳಿಯನ್ನು ಮಡಿಸಿ ಹಾಸಿದೆ. ನಡುಮನೆಗೆ ಕಟ್ಟಿದ್ದ ತೆರೆ, ಬಿದಿರಿನ ತಟ್ಟಿ, ತಳ ಬಿಟ್ಟ ಮಂಕರಿ, ರಾಗಿ ಹಾಕಿಡುತ್ತಿದ್ದ ಚೀಲ, ಒಂದೊಂದಾಗಿ ಹಿತ್ತಿಲಿಗೆ ಹೋದವು. ರಾಗಿಯನ್ನು ನೆಲಕ್ಕೆ ಸುರಿದು ಚೀಲ ತೆಗೆದುಕೊಂಡು ಹೋದದ್ದು ನೆನಪಿದೆ. ಮನೆ ಬರಿದಾದಷ್ಟೂ ಒಂದು ಥರ ಹಗುರವೆನಿಸುತ್ತಿತ್ತು. ಆ ಹಗುರ ಅರ್ಧ ಗಂಟೆ ಕೂಡ ನಿಲ್ಲುತ್ತಿರಲಿಲ್ಲ. ಮತ್ತೆ ಎದ್ದು ಏನಾದರೂ ಸಿಗುತ್ತದೆಯೋ ಎಂದು ಹುಡುಕುತ್ತಿದ್ದೆ. ಒಂದು ಭಾನುವಾರ ಏನೂ ಸಿಗದೆ ಊಟಿ ಬಸ್ಸಿನ ಬಾಗಿಲಲ್ಲೇ ನಿಂತು ಹಂಗಳಕ್ಕೆ ಹೋದೆ. ಗೋಪಾಲಸ್ವಾಮಿ ಬೆಟ್ಟಕ್ಕೆ ನಡೆದುಬಿಡೋಣ ಎಂದು ಹೊರಟವನು ಅರ್ಧ ದಾರಿಯಿಂದ ತಿರುಗಿದೆ. ಹಿತ್ತಿಲಲ್ಲಿ ಯಾವುದೋ ಗೋಣಿಯ ಅಂಚು ಎದ್ದಿರಬಹುದು ಎನಿಸಿತ್ತು.

ಗೋಡೆಯ ಪಕ್ಕದ ಮೂಲೆಯಲ್ಲಿ ಒಂದು ಪಾತಿ ಇತ್ತು. ಹಿಂದಿನ ವರ್ಷ ಪೂರ್ತಿ ಅವಳು ಅದನ್ನು ಮುಚ್ಚಿಯೇ ಇಟ್ಟಿದ್ದಳು. ಕೆಳಗೆ ಕಾಗದ, ಮೇಲೆ ಎರಡು ಗೋಣಿ. ಏನನ್ನೂ ಬೆಳೆಯದೆ ಹೀಗೆ ಮುಚ್ಚಿಟ್ಟರೆ ಏನು ಬಂತು ಎಂದು ಕೇಳಿದ್ದಕ್ಕೆ, ಜೇಕಿನ ಗೆಡ್ಡೆ ಸಾಯಬೇಕಾದರೆ ಒಂದು ವರ್ಷ ಕತ್ತಲು ಬೇಕು ಎಂದಿದ್ದಳು. ಈಗ ನೋಡಿದರೆ ಆ ಪಾತಿಯ ಮೇಲಿನ ಗೋಣಿ ಇರಲಿಲ್ಲ. ಗಾಳಿಗೋ ಮಳೆಗೋ ಹೋಗಿರಬೇಕು, ಕಾಹಿಲೆಯ ಗಡಿಬಿಡಿಯಲ್ಲಿ ಯಾರೋ ಎತ್ತಿರಬೇಕು ಎಂದುಕೊಂಡೆ. ಬರಿಯ ಮಣ್ಣು, ಅಲ್ಲೊಂದು ಇಲ್ಲೊಂದು ಜೇಕು. ಅವಳು ವರ್ಷವಿಡೀ ಮುಚ್ಚಿ ಕಾಪಾಡಿದ ಪಾತಿಯಲ್ಲವೇ ಎಂದು ಎಲ್ಲಕ್ಕಿಂತ ಹೆಚ್ಚಾಗಿ ಅದನ್ನೇ ಹೊದಿಸಿದೆ. ಎರಡು ಗೋಣಿಯ ಮೇಲೆ ಇನ್ನೆರಡು, ಅದರ ಮೇಲೆ ಕಂಬಳಿ.

ಹದಿನೈದು ದಿನದೊಳಗೆ ಆ ಕಂಬಳಿ ಅಲ್ಲಲ್ಲಿ ಮೇಲೇಳತೊಡಗಿತು. ಒಳಗಿನಿಂದ ಯಾರೋ ಬೆರಳಿಟ್ಟು ಎತ್ತಿದ ಹಾಗೆ. ಜೇಕಿನ ಸೊಕ್ಕು ಇನ್ನೂ ಇಳಿದಿಲ್ಲವಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಎದ್ದ ಕಡೆ ಹೆಜ್ಜೆಯಿಟ್ಟು ತುಳಿದೆ. ಮಾರನೆಯ ದಿನ ಮತ್ತೆ ಎದ್ದಿತ್ತು, ಮತ್ತೆ ತುಳಿದೆ. ಅದೊಂದು ದಿನಚರಿಯಾಯಿತು. ಬೆಳಗ್ಗೆ ಮುಖ ತೊಳೆಯುವ ಮೊದಲು ಹೋಗಿ ಆ ಪಾತಿಯನ್ನು ತುಳಿಯುವುದು, ಸಂಜೆ ಬಂದು ಅಂಗಿ ತೆಗೆಯುವ ಮೊದಲು ತುಳಿಯುವುದು. ನಡುವೆ ಒಂದು ಕಡೆ ಎಷ್ಟು ತುಳಿದರೂ ಬಗ್ಗದೆ ಏಳುತ್ತಿತ್ತು. ಅಡುಗೆಮನೆಯ ಒರಳಿನ ಗುಂಡು ಸುಮ್ಮನೆ ಕೂತಿತ್ತು, ರುಬ್ಬುವವರು ಇರಲಿಲ್ಲ. ಅದನ್ನು ಎದೆಗವಚಿ ತಂದು ಆ ಜಾಗದ ಮೇಲೆ ಇಟ್ಟೆ.

ಆ ದಿನಗಳಲ್ಲೇ ಚಾಮರಾಜನಗರದಿಂದ ನನ್ನ ಅಕ್ಕ ಬಂದಳು. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ಓದಿಸಿದವಳು ಅವಳೇ. ಒಳಗೆ ಬಂದು ನಿಂತಲ್ಲೇ ಸುತ್ತ ನೋಡಿದಳು. ಕೂರಲು ಚಾಪೆಯಿಲ್ಲ, ತೆರೆಯಿಲ್ಲ, ರಾಗಿ ನೆಲದ ಮೇಲೆ ರಾಶಿ ಬಿದ್ದಿದೆ. ಕಳ್ಳರು ಬಂದಿದ್ದರೇನೋ ಎಂದು ಕೇಳಿದಳು. ಹಿತ್ತಿಲ ಬಾಗಿಲು ತೆಗೆದು ತೋರಿಸಿದೆ. ಹೊಸ್ತಿಲಲ್ಲೇ ನಿಂತು ಪಾತಿಗಳನ್ನೆಲ್ಲ ನೋಡಿದಳು. ಆಮೇಲೆ ಸೆರಗಿನಿಂದ ನೆಲ ಒರೆಸಿ ಕೂತು, ತಾನು ಬಂದ ವಿಷಯ ಹೇಳಿದಳು. ಚಾಮರಾಜನಗರದಲ್ಲಿ ರೇಷ್ಮೆ ನೂಲು ತೆಗೆಸುವ ಒಂದು ಮನೆಯವರು ಹೆಣ್ಣು ಕೊಡಲು ಒಪ್ಪಿದ್ದಾರೆ, ಅಲ್ಲೇ ಲೆಕ್ಕ ಬರೆಯುವ ಕೆಲಸವೂ ಇದೆ, ಶ್ರಾವಣದೊಳಗೆ ಈ ಮನೆ ಬಿಟ್ಟು ಬಂದುಬಿಡಬೇಕು. ನೋಡೋಣ ಎಂದೆ.

"ನೋಡನ ನೋಡನ ಅಂತ ಈ ತಿಪ್ಪೆ ಕಾಯ್ಕೊಂಡು ಕೂತ್ಕಬೇಡ ಕಣ್ಲಾ. ಅವ್ಳು ಇದ್ದಾಗ ಒಂದ್ ಕಳೆ ಕಿತ್ತವನಲ್ಲ ನೀನು."

ಅದು ನಿಜವಾಗಿತ್ತು. ಅಕ್ಕ ಸಾಬರ ಮನೆಯಿಂದ ಒಂದು ಚಾಪೆ ಎರವಲು ತಂದುಕೊಟ್ಟು, ರಾಗಿಯನ್ನು ಮಡಕೆಗೆ ತುಂಬಿ, ಸಂಜೆಯ ಬಸ್ಸಿಗೆ ಹೋದಳು. ನಾನೇ ಸೀಟಿ ಊದಿ ಕಳಿಸಿದೆ.

ಆರಿದ್ರಾ ಮಳೆಯ ಶುರುವಿನಲ್ಲಿ ಒಂದು ಮಧ್ಯಾಹ್ನ ತೆರಕಣಾಂಬಿಯ ಬಸ್ಸಿನಿಂದ ಅತ್ತೆ ಇಳಿದರು. ಅವಳ ತಾಯಿ. ವಿಧವೆ, ಒಂಟಿಯಾಗಿ ತುಂಡು ಹೊಲ ಮಾಡಿಸಿಕೊಂಡಿದ್ದವರು. ಕಾರ್ಯ ಮುಗಿಸಿ ಹೋದ ಮೇಲೆ ಬಂದಿರಲಿಲ್ಲ. ಮಗಳಿಲ್ಲದ ಮನೆಗೆ ಬರಲು ಅವರಿಗೆ ಇನ್ನು ಯಾವ ಕಾರಣ ಎಂದು ನಾನೂ ಎದುರು ನೋಡಿರಲಿಲ್ಲ. ಕೈಯಲ್ಲಿ ಏನೂ ಇರಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ನೀರು ಕೊಟ್ಟೆ. ಚೆಂಬನ್ನು ಪಕ್ಕಕ್ಕೆ ಇಟ್ಟರು.

"ಅರ್ಸ್ನ ಹೆಂಗೆ ಬಂದವೆ ಅಳಿಮಯ್ಯ? ಎಲೆ ಬುಟ್ಟವಾ?"

ಯಾವ ಅರಿಶಿನ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಮಗಳು ಯುಗಾದಿಗೆ ಬಂದಾಗ ಬಿತ್ತನೆ ಗೆಡ್ಡೆ ಕೊಟ್ಟು ಕಳಿಸಿದ್ದೆ, ಭರಣಿ ಮಳೆಗೆ ನೆಟ್ಟಿದ್ದೇನೆ ಎಂದು ಬಸ್ಸಿನವರ ಕೈಯಲ್ಲಿ ಹೇಳಿ ಕಳಿಸಿದ್ದಳು, ಮನೆಯಲ್ಲೇ ಇದ್ದ ನಿಮಗೆ ಗೊತ್ತಿಲ್ಲವೇ ಎಂದು ಕೇಳಿದರು. ಆಮೇಲೆ ಅವರು ಹೇಳಿದ್ದನ್ನು ನಾನು ಮೊದಲ ಸಲ ಕೇಳುತ್ತಿದ್ದೆ. ಅವರ ಮನೆಯಲ್ಲಿ ಬಿತ್ತನೆ ಅರಿಶಿನವನ್ನು ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ. ತಾಯಿ ಮಗಳಿಗೆ ಕೊಡಬೇಕು. ಮದುವೆಯಲ್ಲಿ ಕೊಡುವುದಲ್ಲ. ಮಗಳು ತನ್ನ ಕೈಯಾರೆ ಒಂದು ಪಾತಿಯನ್ನು ವರ್ಷವಿಡೀ ಕಳೆಯಿಲ್ಲದಂತೆ ಮಾಡಿ ಬಂದು ಕೇಳಬೇಕು, ಆಗ ಕೊಡುವುದು. ಅತ್ತೆಗೆ ಅವರ ತಾಯಿ ಹಾಗೆಯೇ ಕೊಟ್ಟದ್ದು. ಅತ್ತೆ ತಮಗೆಂದು ಇಟ್ಟುಕೊಂಡಿದ್ದ ಬಿತ್ತನೆ ಈ ಮಳೆಗೆ ಹೊಲದಲ್ಲೇ ಕೊಳೆತುಹೋಗಿತ್ತು. ಒಂದು ಗೆಡ್ಡೆಯೂ ಉಳಿದಿರಲಿಲ್ಲ. ಇನ್ನು ಇದ್ದದ್ದು ಮಗಳಿಗೆ ಕೊಟ್ಟದ್ದೊಂದೇ. ಅದನ್ನು ನೋಡಿಕೊಂಡು ಹೋಗೋಣ ಎಂದು ಬಂದಿದ್ದರು.

ಅವರು ಹೇಳುತ್ತಿದ್ದಂತೆ ನನಗೆ ಒಂದು ಸಂಜೆ ನೆನಪಾಯಿತು. ಕೊನೆಯ ಬಸ್ಸು ಕೆಟ್ಟು ತಡವಾಗಿ ಬಂದಿದ್ದೆ. ಅವಳು ಕೈ ಮಣ್ಣು ತೊಳೆಯುತ್ತ, ಮೂಲೆ ಪಾತಿಯ ಹೊದಿಕೆ ತೆಗೆದಿದ್ದೇನೆ, ಆ ಕಡೆ ಕಾಲಿಡಬೇಡಿ ಎಂದಿದ್ದಳು. ನಾನು ಹೂಂ ಅಂದಿದ್ದೆ. ಏನು ನೆಟ್ಟೆ ಎಂದು ಕೇಳಿರಲಿಲ್ಲ.

ಹಿತ್ತಿಲಿಗೆ ಹೋದೆವು. ಅತ್ತೆ ಹೊದಿಕೆಗಳನ್ನೆಲ್ಲ ದಾಟಿ ನೇರವಾಗಿ ಆ ಮೂಲೆಗೇ ಹೋದರು. ಹೇಗೆ ತಿಳಿಯಿತೋ, ಬಿಸಿಲಿನ ದಿಕ್ಕು ನೋಡಿರಬೇಕು. ಗುಂಡುಕಲ್ಲನ್ನು ನೋಡಿದರು. ಅದರ ಪಕ್ಕ ನನ್ನ ಹೆಜ್ಜೆಯ ಗುರುತು ಕಂಬಳಿಯ ಮೇಲೆ ಮಣ್ಣಾಗಿ ಕೂತಿತ್ತು. ಕುಕ್ಕರಗಾಲಲ್ಲಿ ಕೂತು ಒಂದು ಅಂಚನ್ನು ನಿಧಾನವಾಗಿ ಎತ್ತಿದರು.

ಒಳಗೆ ಬೆಳ್ಳಗಿನ ಮೊಳಕೆಗಳು ಮಲಗಿದ್ದವು. ಗೇಣುದ್ದ ಬೆಳೆದಿದ್ದವು, ಹಸಿರು ಒಂದು ಚೂರೂ ಇರಲಿಲ್ಲ. ಮೇಲೆ ದಾರಿ ಸಿಗದೆ ನೆಲಕ್ಕೆ ಅಂಟಿಕೊಂಡು ಅಡ್ಡಡ್ಡ ಹರಿದಿದ್ದವು. ಕೆಲವು ಮುರಿದು ಬಾಗಿ ಮತ್ತೆ ಮುಂದಕ್ಕೆ ಬೆಳೆದಿದ್ದವು. ಎಷ್ಟೋ ಮೊಳಕೆಗಳ ತುದಿ ಕೊಳೆತು ಕಂದಾಗಿತ್ತು. ಒಂದೇ ಒಂದು ಮೊಳಕೆ ಗೋಣಿಯ ಕೆಳಗೆ ಒಂದು ಮೊಳದಷ್ಟು ದೂರ ತೆವಳಿ, ಗೋಡೆಯ ಸಂದಿನಲ್ಲಿ ತಲೆಯೆತ್ತಿ, ಅಲ್ಲಿ ಎರಡು ಬೆರಳಗಲ ಹಸಿರು ಎಲೆ ಬಿಚ್ಚಿತ್ತು. ದಿನಾ ಬೆಳಗ್ಗೆ ಸಂಜೆ ಅಲ್ಲಿ ನಿಲ್ಲುತ್ತಿದ್ದ ನಾನು ಅದನ್ನು ನೋಡಿರಲಿಲ್ಲ. ನನ್ನ ಕಣ್ಣು ಕಂಬಳಿಯ ಉಬ್ಬಿನ ಮೇಲೆಯೇ ಇರುತ್ತಿತ್ತು.

ಅತ್ತೆ ನನಗೆ ಯಾವತ್ತೂ ಬಹುವಚನ ಬಿಟ್ಟು ಮಾತಾಡಿದವರಲ್ಲ. ಅವತ್ತು ಮೊಳಕೆಯಿಂದ ಕಣ್ಣು ತೆಗೆಯದೆ ಕೇಳಿದರು:

"ತುಳ್ದಿದ್ದಯಾ ನೀನು?"

"ಹೂಂ. ಜೇಕು ಅನ್ಕಂಡಿದ್ದೆ."

"ದಿನಾನೂವಾ?"

"ದಿನಾನೂ."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಎತ್ತಿದ ಅಂಚನ್ನು ಮತ್ತೆ ಹಾಗೆಯೇ ಇಳಿಸಿಬಿಟ್ಟರು. ನಾನು ಬಗ್ಗಿ ಕಂಬಳಿಯನ್ನು ಪೂರ್ತಿ ಎಳೆಯಲು ಹೋದೆ. ಕೈ ಹಿಡಿದುಕೊಂಡರು.

"ಬುಡು ಬುಡು. ಒಂದೇ ಸಲ ಬಿಸ್ಲು ಬಿದ್ರೆ ಸುಟ್ಟೋಯ್ತವೆ. ಕತ್ಲಲ್ಲಿ ಇದ್ದವು ಅವು." ಸ್ವಲ್ಪ ಹೊತ್ತಿನ ಮೇಲೆ, ಕೈ ಬಿಡದೆಯೇ ಹೇಳಿದರು: "ನನ್ ಮಗ್ಳು ಕಡೇಲಿ ಮುಟ್ಟಿದ್ದು ಇದು ಕಣಪ್ಪ. ನಂಗೂ ಇನ್ನೇನೂ ಉಳಿದಿಲ್ಲ."

ನಾನು ಗುಂಡುಕಲ್ಲನ್ನು ಎತ್ತಿ ಅಡುಗೆಮನೆಗೆ ಒಯ್ದೆ. ಅದರ ಕೆಳಗಿನ ಕಂಬಳಿಗೆ ಹಳದಿ ಬಣ್ಣದ ಒಂದು ತೇವ ಹತ್ತಿತ್ತು. ಅರಿಶಿನದ ಹಸಿ ವಾಸನೆ ಕೈಯಿಂದ ಎರಡು ದಿನ ಹೋಗಲಿಲ್ಲ.

ಅತ್ತೆ ಆರು ದಿನ ಉಳಿದರು. ಮೊದಲ ದಿನ ಮುಸ್ಸಂಜೆಯವರೆಗೂ ಆ ಚೆಂಬಿನ ನೀರು ಮುಟ್ಟಲಿಲ್ಲ. ಬಿಸಿಲು ಇಳಿದ ಮೇಲೆ ಕಂಬಳಿ ತೆಗೆಸಿದರು. ಮಾರನೆಯ ಸಂಜೆ ಮೇಲಿನ ಎರಡು ಗೋಣಿ. ಅದರ ಮಾರನೆಯ ಸಂಜೆ ಉಳಿದದ್ದು. ನನ್ನನ್ನು ಹೊಂಗೆ ಸೊಪ್ಪಿಗೆ ಅಟ್ಟಿದರು. ಹಂಗಳದ ದಾರಿಯ ಮರಗಳಿಂದ ಕೊಂಬೆ ಕಡಿದು, ಊಟಿಯಿಂದ ಬರುವ ಬಸ್ಸಿನ ತಲೆಯ ಮೇಲೆ ಹಾಕಿಸಿಕೊಂಡು ತಂದೆ. ಏಜೆಂಟ್ರು ಆಡು ಸಾಕಿದ್ದಾರೇನೋ ಎಂದು ಡ್ರೈವರು ನಕ್ಕ. ಅತ್ತೆ ಆ ಕೊಂಬೆಗಳನ್ನು ಪಾತಿಯ ಸುತ್ತ ನೆಟ್ಟು ನೆರಳು ಮಾಡಿದರು. ದಿನಕ್ಕೆ ಒಂದೆರಡು ಕೊಂಬೆ ಕಿತ್ತು ಬಿಸಿಲನ್ನು ಒಳಗೆ ಬಿಡುತ್ತ ಬಂದರು. ಕೊಳೆತ ತುದಿಗಳನ್ನು ಉಗುರಿನಿಂದ ಚಿವುಟಿ ತೆಗೆದರು. ಅಡ್ಡ ಬಿದ್ದ ಮೊಳಕೆಗೆ ಪೊರಕೆ ಕಡ್ಡಿಯ ಆಸರೆ ಕೊಟ್ಟರು. ಪೊರಕೆ ಕಡ್ಡಿ ಎಲ್ಲಿಂದ ಬಂತೆಂದರೆ, ನಾನೇ ಮೆಣಸಿನ ಪಾತಿಗೆ ಹಾಸಿದ್ದ ಹಳೆಯ ಪೊರಕೆಯಿಂದ.

ಆ ಆರು ದಿನದಲ್ಲಿ ಹೊದಿಸುವುದು ಅಂದರೇನು ಎಂದು ನನಗೆ ಸ್ವಲ್ಪ ತಿಳಿಯಿತು. ಮಿಕ್ಕ ಪಾತಿಗಳಲ್ಲಿ ನಾನು ಹಾಸಿದ್ದನ್ನೆಲ್ಲ ಅತ್ತೆ ಕಿತ್ತುಹಾಕಲಿಲ್ಲ. ಬದನೆಯ ಬುಡಕ್ಕೆ ಮುಚ್ಚಿಕೊಂಡಿದ್ದ ಕಡೆ ಕೈಯಗಲ ಬಿಡಿಸಿದರು, ನೀರು ಇಳಿಯದ ಕಡೆ ಗೋಣಿಯನ್ನು ಕುಡುಗೋಲಿನಿಂದ ಸೀಳಿದರು. ಚಾಪೆಯ ಕೆಳಗೆ ಗೆದ್ದಲು ಹತ್ತಿತ್ತು, ಅದನ್ನು ತೆಗೆಸಿದರು. ಕಾಗದದ ಕೆಳಗೆ ಮಣ್ಣು ಮೆತ್ತಗೆ, ಎರೆಹುಳ ತುಂಬಿಕೊಂಡು ಚೆನ್ನಾಗಿಯೇ ಇತ್ತು. ಕಳೆ ಸಾಯಬೇಕು, ಗಿಡ ಉಸಿರಾಡಬೇಕು, ಎರಡನ್ನೂ ನೋಡಿ ಹೊದಿಸಬೇಕು ಎಂದರು. ಅರಿಶಿನದ ಪಾತಿಗೆ ಗೋಣಿಯೂ ಬೇಡ, ಕಾಗದವೂ ಬೇಡ, ಬಾಡಿದ ಸೊಪ್ಪು ತೆಳ್ಳಗೆ ಸಾಕು. ಅದರ ನಡುವೆ ಜೇಕು ಬಂದರೆ ಕೈಯಲ್ಲಿ ಕೀಳುವುದು, ಬೇರೆ ದಾರಿಯಿಲ್ಲ. ಕೀಳುವುದು ನಿಮ್ಮ ಕೆಲಸ ಎಂದರು. ಬಹುವಚನ ಮರಳಿ ಬಂದಿತ್ತು.

ನೆಟ್ಟದ್ದು ಇಪ್ಪತ್ತೆರಡು ಗೆಡ್ಡೆ. ಉಳಿದದ್ದು ಒಂಬತ್ತು.

ಶ್ರಾವಣದಲ್ಲಿ ಅಕ್ಕ ಬಂದಾಗ ಎಲೆಗಳು ಮೊಣಕಾಲಿನವರೆಗೆ ಬಂದಿದ್ದವು. ಅರಿಶಿನ ಅಗೆಯುವುದು ಪುಷ್ಯದಲ್ಲಿ, ಅಲ್ಲಿಯವರೆಗೆ ಮನೆ ಬಿಡುವ ಹಾಗಿಲ್ಲ ಎಂದೆ. ಅಕ್ಕನಿಗೆ ಇದು ಯಾವ ಥರದ ಮಾತು ಎಂದೇ ಅರ್ಥವಾಗಲಿಲ್ಲ. ಚಾಮರಾಜನಗರದ ಮಂಡಿಯಲ್ಲಿ ಅರಿಶಿನ ಗಾಡಿಗಟ್ಟಲೆ ಬಿದ್ದಿರುತ್ತದೆ, ಒಂಬತ್ತು ಗೆಡ್ಡೆಗಾಗಿ ಒಂದು ಸಂಸಾರ ಬೇಡವೆನ್ನುತ್ತೀಯಾ ಎಂದಳು. ಬೇಡವೆನ್ನುತ್ತಿಲ್ಲ, ಪುಷ್ಯ ಕಳೆಯಲಿ ಎನ್ನುತ್ತಿದ್ದೇನೆ ಎಂದೆ. ಹೆಣ್ಣಿನ ಮನೆಯವರು ಪುಷ್ಯದವರೆಗೆ ಕಾಯಲಿಲ್ಲ. ಅಕ್ಕ ಸುಮಾರು ತಿಂಗಳು ನನ್ನೊಡನೆ ಮಾತು ಬಿಟ್ಟಳು. ಅವಳ ಸಿಟ್ಟಿನಲ್ಲಿ ತಪ್ಪಿರಲಿಲ್ಲ.

ಕೀಳುವ ಕೆಲಸವನ್ನು ನಾನು ತಪ್ಪದೆ ಮಾಡಿದೆ. ಅದರಿಂದ ಮನಸ್ಸು ಶಾಂತವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಸ್ ನಿಲ್ದಾಣದಲ್ಲಿ ಟಿಕೆಟ್ ಹರಿಯುವಾಗ ಮೋಡ ಮುಚ್ಚಿದರೆ ಬೆರಳು ನಿಂತುಹೋಗುತ್ತಿತ್ತು. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಮೋಡ ಬಾರದಿದ್ದರೆ ಎಲೆ ಸುರುಟಿಕೊಳ್ಳುತ್ತದೆ. ಒಂದೊಂದು ದಿನ ಎರಡು ಬಸ್ಸುಗಳ ನಡುವೆ ಸಿಗುವ ಹೊತ್ತಿನಲ್ಲಿ ಓಡಿ ಬಂದು ಬರಿಯ ಎಣಿಸಿಕೊಂಡು ಹೋಗುತ್ತಿದ್ದೆ. ಒಂಬತ್ತು. ಮತ್ತೆ ಮಧ್ಯಾಹ್ನ ಒಂಬತ್ತು. ಸಾಬರು ಗೋಡೆಯಾಚೆಯಿಂದ, "ಅವೇ ಒಂಬತ್ ಅವೆ ಏಜೆಂಟ್ರೇ, ಎಲ್ಗೂ ಬಸ್ ಹತ್ತಿಲ್ಲ" ಎನ್ನುತ್ತಿದ್ದರು.

ಪುಷ್ಯದಲ್ಲಿ ಎಲೆ ಒಣಗಿ ನೆಲಕ್ಕೆ ಬಿದ್ದಾಗ ಅತ್ತೆಗೆ ಹೇಳಿ ಕಳಿಸಿದೆ. ಬಂದರು. ಗುದ್ದಲಿ ಬೇಡವೆಂದು ಕೈಯಲ್ಲೇ ಬಗೆದು ತೆಗೆದರು. ಗೆಡ್ಡೆಗಳು ಚಿಕ್ಕವು. ತಾಯಿಗೆಡ್ಡೆಗೆ ಅಂಟಿಕೊಂಡ ಬೆರಳುಗಳು ಗಿಡ್ಡ, ಕೆಲವು ಸೊಟ್ಟ. ಮುರಿದು ನೋಡಿದ ಒಂದರೊಳಗಿನ ಬಣ್ಣ ಮಾತ್ರ ಕಣ್ಣು ಕುಕ್ಕುವಂತಿತ್ತು. ಅತ್ತೆ ಅದನ್ನು ಮೂಸಿ, ನನ್ನ ಕಡೆ ಚಾಚಿದರು. ನಾನೂ ಮೂಸಿದೆ. ಎಲ್ಲವನ್ನೂ ಸೇರಿಸಿದರೆ ಸಣ್ಣ ಚೀಲದ ಅರ್ಧವೂ ಆಗಲಿಲ್ಲ. ಬೇಯಿಸಲು ಒಂದನ್ನೂ ತೆಗೆಯಲಿಲ್ಲ, ಎಲ್ಲ ಬಿತ್ತನೆಗೆ. ಮಣ್ಣು ಒದರಿ, ಒಣಗಿದ ಎಲೆಯನ್ನು ತಳಕ್ಕೆ ಹಾಕಿ, ಚೀಲ ತುಂಬಿ ಬಾಯಿ ಕಟ್ಟಿದರು.

ಒಂದು ಗೆಡ್ಡೆಯನ್ನಾದರೂ ನನಗೆ ಬಿಡುತ್ತಾರೆ ಎಂದು ನಾನು ಕಾಯುತ್ತಿದ್ದೆ. ಕೇಳಲು ಬಾಯಿ ಬರಲಿಲ್ಲ. ತಾಯಿ ಮಗಳಿಗೆ ಕೊಡುವುದು, ಅಳಿಯನಿಗೆ ಕೊಡುವ ಪದ್ಧತಿಯಿಲ್ಲ. ಅದಲ್ಲದೆ ತುಳಿದವನು ನಾನು. ಅತ್ತೆ ಕಟ್ಟಿದ ಗಂಟನ್ನು ಮತ್ತೆ ಬಿಚ್ಚಲಿಲ್ಲ. ಬಗೆದ ಪಾತಿಯನ್ನು ಕೈಯಲ್ಲಿ ಸಮ ಮಾಡಿ ಎದ್ದರು.

ಸಂಜೆಯ ಬಸ್ಸಿಗೆ ಕರೆದುಕೊಂಡು ಹೋದೆ. ಚೀಲವನ್ನು ಮೇಲೆ ಹಾಕಿಸುತ್ತೇನೆ ಎಂದರೆ ಕೊಡಲಿಲ್ಲ, ಮಡಿಲಲ್ಲೇ ಇಟ್ಟುಕೊಂಡರು. ಸೀಟಿ ಬಾಯಿಗಿಟ್ಟುಕೊಂಡೆ. ಊದಿದರೆ ಎಲ್ಲ ಮುಗಿಯುತ್ತದೆ ಎನಿಸಿ ಊದದೆ ನಿಂತೆ. ಡ್ರೈವರು ತಿರುಗಿ ನೋಡಿದ. ಅತ್ತೆ ಕಿಟಕಿಯಿಂದ ಕರೆದರು.

"ಭರಣಿ ಮಳೆಗೆ ಬಂದ್ಬುಡಿ ಅಳಿಮಯ್ಯ. ನೆಡಕ್ಕೆ ನಂಗೊಬ್ಬುಳ್ಗೇ ಆಗಾಕಿಲ್ಲ."

ಊದಿದೆ.

ಭರಣಿ ಮಳೆಗೆ ಎರಡು ದಿನ ರಜೆ ಹಾಕಿ ತೆರಕಣಾಂಬಿಗೆ ಹೋದೆ. ಅತ್ತೆ ಗುಳಿ ತೆಗೆದರು, ನಾನು ಗೆಡ್ಡೆಯನ್ನು ಮೊಳಕೆಯ ಕಣ್ಣು ಮೇಲೆ ಬರುವಂತೆ ಇಟ್ಟು ಮಣ್ಣು ಎಳೆದೆ. ಮೂರು ಸಾಲು ಆಯಿತು. ಹೊಂಗೆ ಸೊಪ್ಪು ತಂದು ತೆಳ್ಳಗೆ ಹೊದಿಸಿದೆವು. ಎಲ್ಲಿಯೂ ದಪ್ಪವಾಗದಂತೆ ಅತ್ತೆ ನನ್ನ ಹಿಂದೆಯೇ ನೋಡಿಕೊಂಡು ಬಂದರು. ಇನ್ನು ತಾನಾಗಿ ಮೇಲೆ ಬರುವವರೆಗೆ ಕೈ ಹಾಕಬಾರದು, ಎತ್ತಿ ನೋಡಬಾರದು ಎಂದು ಹೇಳಿ ಕಳಿಸಿದರು.

ಹದಿನೆಂಟನೆಯ ದಿನ ಚಾಮರಾಜನಗರದ ಬಸ್ಸನ್ನು ಸುಮ್ಮನೆ ಹತ್ತಿ ತೆರಕಣಾಂಬಿಯಲ್ಲಿ ಇಳಿದೆ. ಅತ್ತೆ ಮನೆಯಲ್ಲಿರಲಿಲ್ಲ, ಸಂತೆಗೆ ಹೋಗಿದ್ದರು. ನೇರ ಹೊಲಕ್ಕೆ ಹೋಗಿ ಮೊದಲ ಸಾಲಿನ ಮುಂದೆ ಮೊಣಕಾಲೂರಿದೆ. ಮೇಲೆ ಏನೂ ಕಾಣುತ್ತಿರಲಿಲ್ಲ. ಕೈ ಕಟ್ಟಿಕೊಂಡು ಸ್ವಲ್ಪ ಹೊತ್ತು ಕೂತೆ. ಕೂರಲಾಗಲಿಲ್ಲ. ಒಂದೇ ಒಂದು ಕಡೆ, ಎರಡು ಹೊಂಗೆ ಎಲೆಯನ್ನು ಎತ್ತಿ ನೋಡಿದೆ. ಆಮೇಲೆ ಅದರ ಪಕ್ಕದಲ್ಲಿ ಇನ್ನೆರಡು.